ಬೋಗ್ ಯಾಯಾ ಹಳ್ಳದ ಎರಡನೇ ಕೂಗು

ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಎದೆ ಹಿಡಿದುಕೊಂಡು ನನ್ನ ಮೇಲೆ ತಪ್ಪು ಹೊರಿಸಬೇಡಿ. ಇಡೀ ಮಿಸಿಸಿಪ್ಪಿಯಲ್ಲಿ ಕ್ಲೇಟನ್ ಟಬ್ಬಿಯ ಹಾಗೆ ನರಿಯ ಕೂಗು ಹಾಕುವ ಇನ್ನೊಬ್ಬ ಗಂಡು ಹುಟ್ಟಿಲ್ಲ. ಹುಟ್ಟಿದ್ದರೆ ಕ್ಲೇಟನ್‌ನ ಕೂಗು ಕೇಳಿ ನಾಚಿಕೊಂಡು ಊರು ಬಿಟ್ಟಿರುತ್ತಾನೆ. ಒಣಗಿದ ಹಲಗೆ ಸೀಳಿದ ಹಾಗೆ ಗಂಟಲಾಳದಿಂದ ಒಂದೇ ಒಂದು ಸಲ ಕೂಗಿದನೆಂದರೆ ಬೇಟೆನಾಯಿಗಳು ದಾರಿ ತಪ್ಪುತ್ತಿದ್ದವು, ಕೋಳಿಗಳು ಮೊಟ್ಟೆ ಇಡುವುದನ್ನು ಅರ್ಧಕ್ಕೆ ನಿಲ್ಲಿಸುತ್ತಿದ್ದವು, ನಿಜವಾದ ನರಿಗಳೇ ಪೊದೆಯಿಂದ ತಲೆಯೆತ್ತಿ ಉತ್ತರ ಕೊಡುತ್ತಿದ್ದವು. ಒಮ್ಮೆ ಚರ್ಚಿನ ಕಿಟಕಿಯಾಚೆ ನಿಂತು ಕೂಗಿ, ಕಣ್ಣು ಮುಚ್ಚಿ ಪ್ರಾರ್ಥಿಸುತ್ತಿದ್ದ ಪಾದ್ರಿಯ ಬಾಯಲ್ಲಿ ‘ಆಮೆನ್’ ಎರಡು ಸಲ ಬರುವ ಹಾಗೆ ಮಾಡಿದ್ದ.

ಇನ್ನು ಅವನ ಡೈಲಾಗುಗಳು! ಸಿನಿಮಾ ನೋಡಿ ನೋಡಿ ಅರ್ಧ ಕೆಟ್ಟಿದ್ದ, ಉಳಿದರ್ಧ ಹುಟ್ಟುವಾಗಲೇ ಕೆಟ್ಟಿತ್ತು ಎಂದು ಅವನ ಬರ್ನೀಸ್ ಅತ್ತೆ ಹೇಳುತ್ತಿದ್ದಳು. ಟೈರ್ ಅಂಗಡಿಯಲ್ಲಿ ಪಂಕ್ಚರ್ ಹಾಕುವಾಗಲೂ ಸ್ಪ್ಯಾನರ್ ಎತ್ತಿ ಹಿಡಿದು, “ಗಾಳಿ ಹೋದ ಟೈರಿಗೂ ಒಂದು ದಿನ ಬರುತ್ತೆ. ಆ ದಿನ ಈ ಕ್ಲೇಟನ್ ಇರ್ತಾನೆ!” ಎಂದು ಅಬ್ಬರಿಸುತ್ತಿದ್ದ. ಗಿರಾಕಿ ನಗುತ್ತಿದ್ದ. ಎಲ್ಲರೂ ನಗುತ್ತಿದ್ದರು. ಅವನ ಅಪ್ಪನ ಹೆಣ ಮನೆಯಲ್ಲಿದ್ದ ದಿನವೂ ಅವನು ಹೀಗೇ ಏನೇನೋ ಹೇಳಿ ಜನರನ್ನು ನಗಿಸಿದ್ದ. ಅವರೆಲ್ಲ ನಗುತ್ತ ನಗುತ್ತ ಕಣ್ಣೊರೆಸಿಕೊಂಡಿದ್ದರು. ಅವನ ಕಣ್ಣು ಮಾತ್ರ ಒಣಗಿಯೇ ಇತ್ತು.

ಈ ಕತೆ, ಅಂಥ ಕ್ಲೇಟನ್ ತನ್ನ ಅಜ್ಜಿಯ ಮನೆಯನ್ನು ಎರಡೇ ಕೂಗಿನಿಂದ ನಡುಗಿಸಿದ ಸಂಜೆಯದು. ಊರಿನವರೆಲ್ಲ ಹಾಗೆಂದೇ ಹೇಳುತ್ತಾರೆ.

ಆವತ್ತು ಮಧ್ಯಾಹ್ನದಿಂದಲೇ ಮಳೆ ಹಿಡಿದಿತ್ತು. ಅಜ್ಜಿ ಓಡೀ ಟಬ್ಬಿಯ ಮನೆ ನೆಲದಿಂದ ಮೊಣಕಾಲೆತ್ತರದ ಕಲ್ಲುಗಳ ಮೇಲೆ ಕೂತಿದೆ, ಕೆಳಗೆ ನಾಯಿ ಮಲಗುವಷ್ಟು ಜಾಗ. ಅಂಗಳ ಇಳಿಜಾರಾಗಿ ಹಳ್ಳಕ್ಕೆ ಇಳಿಯುತ್ತದೆ. ಬೋಗ್ ಯಾಯಾ ಬೇಸಿಗೆಯಲ್ಲಿ ಹಸು ದಾಟುವಷ್ಟು ಸಣ್ಣ ಹಳ್ಳ. ಆವತ್ತು ಮಾತ್ರ ಕೆಂಪು ನೀರು ತುಂಬಿ, ತಗ್ಗು ಸೇತುವೆಯ ಮೇಲೆ ಹರಿಯುತ್ತಿತ್ತು. ಹಿಂದಿನ ವರ್ಷ ಇಂಥದೇ ನೀರಿನಲ್ಲಿ, ಅದೇ ಸೇತುವೆಯ ಮೇಲಿಂದ ಕ್ಲೇಟನ್‌ನ ಅಪ್ಪ ಪಿಕಪ್ ಸಮೇತ ಕೊಚ್ಚಿಹೋಗಿದ್ದ.

ಅಂದಿನಿಂದ ಅಜ್ಜಿ ತಲೆ ಬಾಚಿರಲಿಲ್ಲ. ಬಿಳಿ ಕೂದಲು ಬೆನ್ನಿನ ತುಂಬ ಹರಡಿಕೊಂಡೇ ಓಡಾಡುತ್ತಿದ್ದಳು. ಸತ್ತ ಮಗನ ಹೆಸರನ್ನು ಒಮ್ಮೆಯೂ ಬಾಯಿಗೆ ತಂದಿರಲಿಲ್ಲ, ಅದು ಚಾಕ್ಟಾ ಬುಡಕಟ್ಟಿನ ಹಳಬರ ಪದ್ಧತಿ. ಸ್ಮಶಾನದಲ್ಲಿ ಕೋಲು ನೆಡಬಾರದು ಎಂದು ಚರ್ಚಿನವರು ಹೇಳಿದ್ದಕ್ಕೆ ಅಂಗಳದ ಕೊನೆಯಲ್ಲಿ, ಹಳ್ಳ ಕಾಣುವಲ್ಲಿ, ಬಿಳಿ ಬಟ್ಟೆ ಕಟ್ಟಿದ ಪೈನ್ ಕೋಲೊಂದನ್ನು ನೆಡಿಸಿದ್ದಳು. ಕೋಲು ನಿಂತಿರುವ ತನಕ ಅಳು ನಡೆಯುತ್ತದೆ. ಬೆಳಿಗ್ಗೆ, ಮಧ್ಯಾಹ್ನ, ಹೊತ್ತು ಮುಳುಗುವಾಗ ತಲೆಗೆ ಶಾಲು ಮುಚ್ಚಿಕೊಂಡು ಅದರ ಬುಡದಲ್ಲಿ ಕೂತು ಅಳುತ್ತಿದ್ದಳು. ಈಚೆಗೆ ಅಷ್ಟಕ್ಕೇ ನಿಲ್ಲದೆ ಹೊತ್ತು ಮುಳುಗಿದ ಮೇಲೆ ನೀರಿನ ಹತ್ತಿರ ಇಳಿಯಲು ಶುರುಮಾಡಿದ್ದಳು. ಹಿಂದಿನ ವಾರ ಸೊಂಟದ ತನಕ ನೀರಿಗಿಳಿದಿದ್ದವಳನ್ನು ಬರ್ನೀಸ್ ಅತ್ತೆ ಹೋಗಿ ಎಳೆದು ತಂದಿದ್ದಳು.

“ಈ ಅಳು ಮುಗೀಲೇಬೇಕು ಕಣೋ,” ಎಂದು ಅತ್ತೆ ಕ್ಲೇಟನ್‌ನ ಅಂಗಿ ಹಿಡಿದು ಹೇಳಿದ್ದಳು. “ಇಲ್ದಿದ್ರೆ ಅವ್ವಾನೂ ಹಳ್ಳದ ಪಾಲೇ.”

ಅದಕ್ಕೇ ಆ ಸಂಜೆಯ ಊಟ. ಹಂದಿಮಾಂಸ ಹಾಕಿ ಕುದಿಸಿದ ಮುಸುಕಿನ ಜೋಳ, ಜೋಳದ ಸಿಪ್ಪೆಯಲ್ಲಿ ಸುತ್ತಿ ಬೇಯಿಸಿದ ಕಡುಬು. ಕರೆಂಟು ಹೋಗಿತ್ತು. ಸೀಮೆಎಣ್ಣೆ ದೀಪದ ಸುತ್ತ ಅಜ್ಜಿ, ಅತ್ತೆ, ಅತ್ತೆಯ ಮಗಳು ಲಿಯೋನಾ, ಲಿಯೋನಾಳ ಇಬ್ಬರು ಚಿಳ್ಳೆಗಳು, ಕ್ಲೇಟನ್. ಊಟ ಮುಗಿಯುತ್ತಿದ್ದಂತೆ ಅಜ್ಜಿ ತಟ್ಟೆ ಪಕ್ಕಕ್ಕಿಟ್ಟು ಎಲ್ಲರೆದುರಿಗೇ ಕೇಳಿದಳು.

“ಮಗಾ, ಇವತ್ತು ನಿಮ್ಮಪ್ಪನ ಕೋಲು ಕೀಳ್ತೀಯಾ? ಕೂತ್ಕೊಂಡು ಕೊನೇ ಸಲ ಅತ್ತು, ಕಿತ್ತು ಬಿಸಾಕು. ನಾನು ಕೀಳೋ ಹಾಗಿಲ್ಲ, ಬರ್ನೀಸೂ ಕೀಳೋ ಹಾಗಿಲ್ಲ, ಲಿಯೋನಾನೂ ಅಷ್ಟೇ. ನಾವೆಲ್ಲ ಅವನ ಕಡೆಯವರು. ಈ ಮನೇಲಿ ಆ ಕಡೆಯವನು, ನಿಮ್ಮವ್ವನ ಕಡೆಯವನು ಅಂದ್ರೆ ನೀನೊಬ್ನೇ.”

ಕ್ಲೇಟನ್‌ಗೆ ಬಾಯಿ ಒಣಗಿತು. ಬಾಯಿ ಒಣಗಿದಾಗಲೆಲ್ಲ ಅವನಿಗೆ ಡೈಲಾಗೇ ಬರುವುದು. ಎದ್ದು ನಿಂತು, ಇಲ್ಲದ ಕೋಟಿನ ಕಾಲರ್ ಏರಿಸಿ, ದೀಪದ ಕಡೆ ಓರೆಯಾಗಿ ನೋಡಿ, “ಹೀರೋ ಅಳಲ್ಲ ಅಜ್ಜಿ... ಅಳಿಸ್ತಾನೆ!” ಅಂದ.

ಚಿಳ್ಳೆಗಳು ಕಿಸಕ್ಕೆಂದವು. ಅಜ್ಜಿ ನಗಲಿಲ್ಲ, ಬೈಯಲೂ ಇಲ್ಲ.

“ಹೀರೋನಂತೆ,” ಎಂದಳು ಲಿಯೋನಾ. “ಜಿರಲೆ ಕಂಡ್ರೆ ಕುರ್ಚಿ ಹತ್ತೋ ಹೀರೋ. ಕೂತ್ಕೋ ಸಾಕು.”

“ಜಿರಲೆಗೆ ಹೆದರಿ ಅಲ್ಲ ಕಣೇ, ಅದರ ಪ್ರಾಣಕ್ಕೆ ಹೆದರಿ. ನಾನು ಕಾಲಿಟ್ರೆ ಭೂಮಿ ನಡುಗುತ್ತೆ.”

“ಹಾಗಾದ್ರೆ,” ಅಂದಳು ಅಜ್ಜಿ ಮೆಲ್ಲಗೆ, “ನಾನೊಂದು ಕತೆ ಹೇಳ್ತೀನಿ. ಈ ಹಳ್ಳಕ್ಕೆ ಈ ಹೆಸರು ಯಾಕೆ ಬಂತು ಅಂತ. ಬನ್ರೋ ಮಕ್ಳಾ, ಹತ್ರ ಬನ್ನಿ.”

ಕ್ಲೇಟನ್ ಈ ಕತೆಯನ್ನು ನೂರು ಸಲ ಕೇಳಿದ್ದ. ಕೊನೆಯಲ್ಲಿ ಒಂಟಿ ನರಿಯ ಕೂಗು ಬರುತ್ತದೆ ಎಂದು ಗೊತ್ತಿತ್ತು. ತಟ್ಟನೆ ಅವನಿಗೆ ದಾರಿ ಹೊಳೆಯಿತು. ಮನೆಯ ಕೆಳಗೆ ತೂರಿಕೊಂಡು, ಅಜ್ಜಿ ಸರಿಯಾಗಿ ಆ ಮಾತಿಗೆ ಬಂದಾಗ ಒಂದೇ ಒಂದು ಕೂಗು! ಚಿಳ್ಳೆಗಳು ಚೀರುತ್ತವೆ, ಲಿಯೋನಾ ಬೈಯುತ್ತಾಳೆ, ಎಲ್ಲರೂ ನಕ್ಕುಬಿಡುತ್ತಾರೆ. ಅಳುವ ಮಾತು ಇನ್ನೊಂದು ದಿನಕ್ಕೆ ಹೋಗುತ್ತದೆ. ಸೌದೆ ತರುತ್ತೇನೆಂದು ಹೇಳಿ ಹೊರಬಿದ್ದ. ಮುಂಜಗಲಿಯ ಹಲಗೆಗಳ ಕೆಳಗೆ ಬಿಸ್ಕಿಟ್ ಎಂಬ ಮುದಿ ನಾಯಿ ಮಲಗಿತ್ತು. ಅದನ್ನು ಆಚೆ ತಳ್ಳಿ, ಒದ್ದೆ ಮಣ್ಣಿನ ಮೇಲೆ ಅಂಗಾತ ಮಲಗಿದ. ತೆರೆದ ಬಾಗಿಲಿನಿಂದ ಹಲಗೆಗಳ ಸಂದಿಗೆ ದೀಪದ ಬೆಳಕೂ ಅಜ್ಜಿಯ ದನಿಯೂ ಒಟ್ಟಿಗೇ ಇಳಿಯುತ್ತಿದ್ದವು.

“ಕೇಳ್ರೋ... ಆಗ ಈ ಹಳ್ಳಕ್ಕೆ ಹೆಸರೇ ಇರ್ಲಿಲ್ಲ. ಮನೆ ಮುಂದೆ ಹರಿಯೋ ನೀರಿಗೆ ಹೆಸರು ಯಾಕೆ ಬೇಕು ಹೇಳಿ? ಬರೀ ಬೋಗ್, ಅಂದ್ರೆ ಹಳ್ಳ, ಅಷ್ಟೇ. ಪೆಟ್ರೋಲ್ ಬಂಕಿನ ಆ ಬಿಳಿಯೋನು ಬರೋರಿಗೆಲ್ಲ ಹೇಳ್ತಾನಲ್ಲ, ಯಾಯಾ ಅಂತ ಒಬ್ಬಳು ಚೆಲುವೆ ಇದ್ಲು, ಸ್ನಾನ ಮಾಡ್ತಿದ್ಲು ಅಂತ... ಅವನ ತಲೆ! ಚೆಲುವೇನೂ ಇಲ್ಲ, ಸ್ನಾನಾನೂ ಇಲ್ಲ. ಯಾಯಾ ಅಂದ್ರೆ ನಮ್ಮ ಚಾಕ್ಟಾ ಮಾತಲ್ಲಿ ಅಳು. ಅಳು ಹಳ್ಳ. ಅದು ಹ್ಯಾಗೆ ಬಂತು ಅಂದ್ರೆ... ನಮ್ಮ ಜನದಲ್ಲೇ ಎರಡು ಕಡೆ, ಆಚೆ ದಡದಲ್ಲಿ ಆ ಕಡೆಯವರು, ಈಚೆ ದಡದಲ್ಲಿ ನಮ್ಮ ಕಡೆಯವರು. ನಮ್ಮ ಹುಡುಗ ಮದುವೆ ಆಗ್ಬೇಕು ಅಂದ್ರೆ ಆ ಕಡೆ ಹೆಣ್ಣೇ ಆಗ್ಬೇಕು, ಅವರ ಹುಡುಗನಿಗೆ ನಮ್ಮ ಕಡೆ ಹೆಣ್ಣು. ಹುಟ್ಟೋ ಮಕ್ಕಳು ತಾಯಿ ಕಡೆ. ಅಂದ್ರೆ ನೋಡಿ, ಒಂದೇ ಮನೇಲಿ ಅಪ್ಪ ಈ ಕಡೆ, ಮಗ ಆ ಕಡೆ... ಅಪ್ಪನಿಗೂ ಮಗನಿಗೂ ನಡುವೆ ಯಾವಾಗ್ಲೂ ಒಂದು ಹಳ್ಳ. ಅಷ್ಟೇನೂ ಅಗಲ ಇಲ್ಲ ಬಿಡಿ ಅದು, ಈ ದಡದಲ್ಲಿ ಕೂಗಿದ್ರೆ ಆ ದಡದಲ್ಲಿ ಕೇಳಿಸುತ್ತೆ.

“ನಮ್ಮಲ್ಲಿ ಯಾರಾದ್ರೂ ಸತ್ರೆ ಅವರು ಬರೋರು. ಹೆಣ ಎತ್ತೋದು, ಮಣ್ಣು ಮಾಡೋದು, ಸುತ್ತ ಕೋಲು ನೆಡೋದು, ಅಳು ಸಾಕಾದಾಗ ಬಂದು ಕೊನೇ ಅಳು ಅತ್ತು ಕೋಲು ಕಿತ್ತು ಊಟ ಹಾಕ್ಸೋದು, ಎಲ್ಲಾ ಅವರದ್ದೇ. ಅವರಲ್ಲಿ ಸತ್ರೆ ನಾವು ಹೋಗೋದು. ನಮ್ಮ ಸಾವಲ್ಲಿ ನಮಗೆ ಒಂದೇ ಕೆಲಸ... ಅಳೋದು. ಅಳೋರ ಕೈಲಿ ಬೇರೆ ಕೆಲಸ ಯಾಕ್ರಪ್ಪಾ ಮಾಡಿಸ್ಬೇಕು? ಅಲ್ವಾ?

“ಈ ನಮ್ಮ ಮನೆ ಇರೋ ಜಾಗದಲ್ಲೇ ಓನಾಹೋಕ ಅಂತ ಒಬ್ಬಳು ತಾಯಿ ಇದ್ಲು. ಅವಳಿಗೆ ಒಬ್ಬನೇ ಮಗ. ಹೆಸರು ಕೇಳ್ಬೇಡಿ, ಸತ್ತವನ ಹೆಸರು ನನಗೂ ಯಾರೂ ಹೇಳಿಲ್ಲ. ಆಚೆ ದಡದ ಹೆಣ್ಣನ್ನ ಮದುವೆ ಆಗಿದ್ದ, ಮೀಸೆ ಚಿಗುರ್ತಿರೋ ಒಬ್ಬ ಮಗನೂ ಇದ್ದ. ಆ ಮೊಮ್ಮಗ ದಿನಾ ಹಳ್ಳ ದಾಟಿ ಬರೋನು, ಅಜ್ಜಿ ಕೈಯಿಂದ ಕಡುಬು ಕಿತ್ಕೊಂಡು ತಿಂದು, ಅಜ್ಜಿನ್ನೇ ರೇಗಿಸಿ ಓಡೋನು. ಇಂಥ ಮೊಮ್ಮಕ್ಕಳು ಎಲ್ಲಾ ಕಾಲದಲ್ಲೂ ಇರ್ತಾರೆ ಅನ್ನಿ...”

ಹಲಗೆಯ ಕೆಳಗೆ ಕ್ಲೇಟನ್ ಮಿಸುಕಿದ. ಈ ಸಾಲು ಹಿಂದೆಂದೂ ಕತೆಯಲ್ಲಿ ಇರಲಿಲ್ಲ.

“ಒಂದು ಬೇಸಿಗೇಲಿ ಆ ಮಗ ಜ್ವರ ಬಂದು ಹೋಗ್ಬಿಟ್ಟ. ಆ ಕಡೆಯವರು ಬಂದ್ರು, ಈ ದಡದಲ್ಲೇ ಮಣ್ಣು ಮಾಡಿದ್ರು, ಕೋಲು ನೆಟ್ರು. ಓನಾಹೋಕ ತಲೆ ಬಿಚ್ಚಿ ಕೂತ್ಲು. ಅಳು ಶುರುವಾಯ್ತು. ಎಲೆ ಉದುರೋ ಕಾಲಕ್ಕೆ ಬಂದು ಕೋಲು ಕೀಳ್ತೀವಿ ಅಂದು ಹೋದ್ರು. ಮೊಮ್ಮಗನೇ ಕೀಳ್ಬೇಕು ಅಂತ ಮಾತಾಯ್ತು. ಅವನು ಆ ಕಡೆಯವನಲ್ವಾ, ಸತ್ತವನ ರಕ್ತಾನೂ ಅವನದ್ದೇ.

“ಎಲೆ ಉದುರೋ ಕಾಲ ಬಂತು. ಅದರ ಜೊತೆಗೇ ಬಂಡಿಗಳೂ ಬಂದ್ವು. ಬಿಳಿಯರ ಸರ್ಕಾರದ ಬಂಡಿಗಳು! ಈ ನೆಲ ಇನ್ನು ನಿಮ್ದಲ್ಲ, ಹೊತ್ತು ಮುಳುಗೋ ದಿಕ್ಕಿಗೆ ನಡೀರಿ ಅಂದ್ರು. ಮೊದಲು ಆಚೆ ದಡ ಖಾಲಿ ಮಾಡಿಸಿದ್ರು. ಒಂದು ಮನೆ ಬಿಡ್ಲಿಲ್ಲ. ಜನ ಮರ ಮುಟ್ಟಿ ಮುಟ್ಟಿ ಅಳ್ತಿದ್ರಂತೆ... ಮರಾನ ಯಾರಾದ್ರೂ ಬಿಟ್ಟು ಹೋಗ್ತಾರೇನ್ರೋ? ಸಿಪಾಯಿಗಳು ತಳ್ತಾ ಇದ್ರು. ಈಚೆ ದಡದಲ್ಲಿ ಓನಾಹೋಕ ನಿಂತಿದ್ಲು, ಆಚೆ ದಡದಲ್ಲಿ ಮೊಮ್ಮಗ. ನೀರು ಇವತ್ತಿನ ಹಾಗೇ ತುಂಬಿತ್ತು, ದಾಟೋಕೆ ಬಿಡ್ಲಿಲ್ಲ. ಅವನು ಕೂಗಿದ, ‘ಅಜ್ಜೀ, ಬಂದು ಕೀಳ್ತೀನಿ! ನೀನು ಯಾರಿಗೂ ಮುಟ್ಟೋಕೆ ಬಿಡಬೇಡ! ನಾನು ಬಂದು ಕೀಳ್ತೀನಿ!’ ಇವಳು ಈ ದಡದಿಂದ ‘ಹೂಂ’ ಅಂದ್ಲು. ಬಂಡಿ ಹೋಯ್ತು.

“ಆಮೇಲೆ ಈಚೆ ದಡದ ಸರದಿ. ಇವಳ ಅಣ್ಣ ಬಂದು ಕೈ ಮುಗ್ದ. ‘ಏಳು, ನಡಿ.’ ‘ಅಳು ಮುಗ್ದಿಲ್ಲ, ಹ್ಯಾಗೆ ಬರ್ಲಿ?’ ಅಂದ್ಲು. ಅಣ್ಣನೂ ಒಳ್ಳೆಯವನೇ ಪಾಪ. ಒಳ್ಳೆಯವನು ಮಾಡೋ ತಪ್ಪನ್ನೇ ಮಾಡ್ದ. ಅವಳು ಕಣ್ಣು ಮುಚ್ಚಿದಾಗ ಹೋಗಿ, ಕೋಲುಗಳನ್ನೆಲ್ಲ ತನ್ನ ಕೈಯಿಂದಾನೇ ಕಿತ್ತುಹಾಕ್ದ. ಕೋಲು ಇಲ್ದೆ ಇದ್ರೆ ಅಳು ಮುಗೀತು, ತಂಗಿ ಎದ್ದು ಬರ್ತಾಳೆ ಅಂತ... ಆದ್ರೆ ಅವನು ಸತ್ತವನ ಕಡೆಯವನೇ ಅಲ್ವೇನ್ರೋ! ತಪ್ಪು ಕೈ! ಅಳೋ ಕೈ ಅದು, ಮುಗಿಸೋ ಕೈ ಅಲ್ಲ! ಎದ್ದು ನೋಡಿದ್ಲು ಓನಾಹೋಕ. ಒಂದೊಂದಾಗಿ ಎಲ್ಲಾ ಕೋಲನ್ನೂ ಮತ್ತೆ ಅದದೇ ಗುಳಿಗೆ ಇಟ್ಟು, ಮಣ್ಣು ಒತ್ತಿ, ನಡುವೆ ಕೂತ್ಬಿಟ್ಲು. ಸಿಪಾಯಿಗಳು ಎಳೆದ್ರು, ಮತ್ತೆ ಬಂದು ಕೂತ್ಲು. ಕೊನೆಗೆ, ಇವಳು ಹುಚ್ಚಿ, ಬಿಟ್ಟು ನಡೀರಿ ಅಂದ್ರು.

“ಎಲ್ಲಾ ಹೋದ್ರು. ಇವಳೊಬ್ಬಳೇ ಉಳಿದ್ಲು. ಹೊತ್ತು ಮುಳುಗಿದಾಗಲೆಲ್ಲ ನೀರಿಗಿಳಿದು ಆಚೆ ದಡಕ್ಕೆ ಕಿವಿ ಕೊಡೋಳು. ಬಂದ್ನಾ... ಬಂದ್ನಾ...? ಎಲ್ಲಿಂದ ಬರ್ತಾನೆ? ಆ ಚಳೀಲಿ, ಆ ಜೌಗುನೆಲದಲ್ಲಿ, ಬರಿಗಾಲಲ್ಲಿ ನಡೆದವರಲ್ಲಿ ಎಷ್ಟು ಜನ ಉಳಿದ್ರೋ ಯಾರಿಗೆ ಗೊತ್ತು. ಮರುವರ್ಷ ನೀರು ತುಂಬಿದಾಗ ಇವಳೂ ಇಲ್ಲ, ಕೋಲೂ ಇಲ್ಲ. ಕಾಡಲ್ಲಿ ಅಡಗಿ ಉಳ್ಕೊಂಡಿದ್ದ ನಮ್ಮ ನಾಲ್ಕು ಜನ ವಾಪಸ್ ಬಂದಾಗ ಇಲ್ಲಿ ಉಳಿದಿದ್ದು ಅಳು ಒಂದೇ. ಅವರೇ ಹೆಸರಿಟ್ರು... ಬೋಗ್ ಯಾಯಾ.

“ಮನುಷ್ಯನಿಗೆ ಎರಡು ನೆರಳು ಕಣ್ರೋ. ಒಳಗಿನ ನೆರಳು ಸತ್ತ ಮೇಲೆ ತನ್ನ ಊರಿಗೆ ಹೋಗ್ಬಿಡುತ್ತೆ. ಹೊರಗಿನ ನೆರಳು, ಅಳು ಮುಗೀದಿದ್ರೆ, ಇಲ್ಲೇ ಮನೆ ಸುತ್ತ ಸುಳೀತಿರುತ್ತೆ. ಅದಕ್ಕೆ ಮಾತಿಲ್ಲ. ಕತ್ತಲಾದಾಗ ನರಿ ಹಾಗೆ ಕೂಗುತ್ತೆ. ಅದು ನರಿಯೋ ನೆರಳೋ ಅಂತ ಹ್ಯಾಗೆ ಗೊತ್ತು ಮಾಡ್ತೀರಾ? ಹೂಂ? ನಿಜವಾದ ನರಿ ಕೂಗಿದ್ರೆ ಇನ್ನೊಂದು ನರಿ ಎಲ್ಲಿಂದಾದ್ರೂ ಉತ್ತರ ಕೊಡುತ್ತೆ. ನೆರಳು ಕೂಗಿದ್ರೆ... ಯಾರೂ ಉತ್ತರ ಕೊಡಲ್ಲ. ಒಂದೇ ಕೂಗು. ಆಮೇಲೆ ನೀರಿನ ಸದ್ದು ಅಷ್ಟೇ. ಅವತ್ತಿಂದ ಈ ಹಳ್ಳದಲ್ಲಿ, ಹೊತ್ತು ಮುಳುಗಿದ ಮೇಲೆ...”

ಇದೇ. ಇದೇ ಜಾಗ. ಕ್ಲೇಟನ್ ಎದೆಯ ತುಂಬ ಗಾಳಿ ಎಳೆದುಕೊಂಡ, ಬಾಯಿ ತೆರೆದ.

ಅವನು ಕೂಗುವ ಮೊದಲೇ ಕೂಗು ಬಂತು.

ಅಂಗಳದ ಕೊನೆಯಿಂದ, ಕೋಲಿನ ಹತ್ತಿರದಿಂದ. ಒಂದೇ ಸಲ. ಒಣಗಿದ ಹಲಗೆ ಸೀಳಿದ ಹಾಗೆ. ನರಿ ಕಂಡರೆ ಹಲ್ಲಿಲ್ಲದ ಬಾಯಲ್ಲೂ ಬೊಗಳುವ ಬಿಸ್ಕಿಟ್ ಬೊಗಳಲಿಲ್ಲ. ತಲೆಯನ್ನು ಮೆಲ್ಲಗೆ ಕ್ಲೇಟನ್‌ನ ಕಂಕುಳಿಗೆ ತೂರಿಸಿತು.

ಮೇಲೆ ಚಿಳ್ಳೆಗಳು ಚೀರಿದವು. ಲಿಯೋನಾ, “ಆ ಕೋತಿಮುಖದ ಕ್ಲೇಟನ್ ಕಣ್ರೋ! ಸೌದೆ ತರ್ತೀನಿ ಅಂತ ಹೋದವನು! ಬರ್ಲಿ ಒಳಗೆ, ಸೌದೇಲೇ ಕೊಡ್ತೀನಿ!” ಎಂದು ನಗುತ್ತಲೇ ಬೈದಳು. ಆಮೇಲೆ ಅವಳೂ ಕಿವಿ ಕೊಟ್ಟಳು. ಎಲ್ಲರೂ ಕಾಯುತ್ತಿದ್ದರು. ಕ್ಲೇಟನ್ನೂ ಕಾಯುತ್ತಿದ್ದ. ಇನ್ನೊಂದು ನರಿ ಕೂಗಲಿ. ಎಲ್ಲಾದರೂ ಇರಲಿ, ಪೈನ್ ಕಾಡಿನಲ್ಲೋ ರಸ್ತೆಯಾಚೆಯೋ, ಒಂದು ಹಾಳು ನರಿ ಉತ್ತರ ಕೊಡಲಿ.

ಮಳೆ. ನೀರು. ಇನ್ನೇನೂ ಇಲ್ಲ.

ಕುರ್ಚಿ ಸರಿದ ಸದ್ದಾಯಿತು. ಅಜ್ಜಿಯ ಬರಿಗಾಲಿನ ಹೆಜ್ಜೆಗಳು ಒಳಗಿನಿಂದ ಬಾಗಿಲಿಗೆ, ಬಾಗಿಲಿನಿಂದ ಮುಂಜಗಲಿಗೆ ಬಂದವು. ಹಲಗೆಗಳು ಬಾಗಿದವು. ಅವಳು ಸರಿಯಾಗಿ ಕ್ಲೇಟನ್‌ನ ಎದೆಯ ಮೇಲೆಯೇ ನಿಂತಿದ್ದಳು. ಸಂದಿಯಲ್ಲಿ ಅವಳ ಪಾದದ ಬಿಳಿ ಅಂಚು ಕಾಣುತ್ತಿತ್ತು.

“ರೇಬರ್ನ್?” ಅಂದಳು.

ಒಂದು ವರ್ಷದಿಂದ ಆಡದ ಹೆಸರು. ಕೂಗಲಿಲ್ಲ, ಕರೆದಳು. ಆಟ ಆಡಿ ತಡವಾಗಿ ಬಂದ ಮಗನನ್ನು ತಾಯಿ ಬಾಗಿಲಲ್ಲಿ ನಿಂತು ಕರೆಯುವ ಹಾಗೆ.

“ರೇಬರ್ನ್, ಬಂದ್ಯೇನೋ? ತಡಿ, ನಾನೇ ಬರ್ತೀನಿ. ನೀರು ಜಾಸ್ತಿ ಇದೆ, ನೀನು ಇಳೀಬೇಡ.”

“ಅವ್ವಾ, ಬೇಡ! ಅವ್ವಾ!” ಬರ್ನೀಸ್ ಅತ್ತೆ ಓಡಿಬಂದ ಸದ್ದು. ಎಳೆದಾಟ. ಅಜ್ಜಿಯ ಕಾಲು ಮೆಟ್ಟಿಲ ಮೇಲಿತ್ತು. ಅತ್ತೆ ತೋಳು ಹಿಡಿದಿದ್ದಳು. ಅಜ್ಜಿಗೆ ಎಲ್ಲಿಂದ ಬಂತೋ ಅಷ್ಟು ಶಕ್ತಿ, ಕೊಡವಿಕೊಂಡಳು.

ಆ ಗಳಿಗೆಯಲ್ಲಿ ಕ್ಲೇಟನ್‌ಗೆ ಒಂದೇ ಒಂದು ವಿಷಯ ಹೊಳೆಯಿತು. ಉತ್ತರ ಬಂದರೆ ಅದು ನರಿ. ಬರದಿದ್ದರೆ ಅದು ಅಪ್ಪ. ಅಪ್ಪ ಆದರೆ ಅಜ್ಜಿ ಇಳಿಯುತ್ತಾಳೆ. ಇಳಿದರೆ ಆ ನೀರು ಅವಳನ್ನು ವಾಪಸ್ ಕೊಡುವುದಿಲ್ಲ. ಮಿಸಿಸಿಪ್ಪಿಯಲ್ಲೇ ಹೆಸರಾದ ತನ್ನ ಗಂಟಲು ಇಂದಲ್ಲದೆ ಇನ್ಯಾವತ್ತಿಗೆ?

ಎರಡನೇ ಕೂಗು ಬಂತು.

ಅಜ್ಜಿ ಮೆಟ್ಟಿಲ ಮೇಲೆಯೇ ನಿಂತಳು. ಮಳೆ ಅವಳ ಬಿಚ್ಚಿದ ಕೂದಲಿನಿಂದ ಇಳಿದು ಸಂದಿಗಳಲ್ಲಿ ತೊಟ್ಟಿಕ್ಕುತ್ತಿತ್ತು. “ಎರಡು,” ಅಂದಳು. “ಎರಡು ಕೂಗಿದ್ವು ಬರ್ನೀಸ್. ನೀನೂ ಕೇಳಿದ್ಯಾ?”

“ಕೇಳ್ದೆ ಅವ್ವಾ. ಎರಡು.”

“ಹಾಗಾದ್ರೆ ನರಿಗಳು.”

“ನರಿಗಳೇ ಅವ್ವಾ. ಬಾ, ಒಳಗೆ ಬಾ.”

ಅಜ್ಜಿ ಒಳಗೆ ಹೋಗಲಿಲ್ಲ. ಅಲ್ಲೇ ಕುಸಿದು ಕೂತಳು. ಯಾಕೆಂದರೆ ಅಷ್ಟರಲ್ಲಿ ಹಲಗೆಯ ಕೆಳಗಿನಿಂದ ಇನ್ನೊಂದು ಸದ್ದು ಬರತೊಡಗಿತ್ತು. ಅದು ನರಿಯದ್ದಲ್ಲ. ಯಾವ ಪ್ರಾಣಿಯದ್ದೂ ಅಲ್ಲ. ಮೊದಲು ಮೂಗು ಸೇದಿದ ಹಾಗೆ, ಆಮೇಲೆ ಉಸಿರು ಸಿಕ್ಕಿಕೊಂಡ ಹಾಗೆ, ಆಮೇಲೆ ಒಂದು ವರ್ಷದ ಅಣೆಕಟ್ಟೇ ಒಡೆದ ಹಾಗೆ.

“ಸಿಕ್ಕಿಬಿದ್ದ ನೋಡಿ ನರಿ!” ಎಂದು ಲಿಯೋನಾ ಶುರುಮಾಡಿದಳು.

“ಶ್... ನರಿ ಅಲ್ಲ ಕಣೇ,” ಅಂದಳು ಅಜ್ಜಿ. “ನನ್ನ ಮೊಮ್ಮಗ. ಅಳ್ಲಿ ಬಿಡು.”

ಶಾಲು ತಲೆಗೆಳೆದುಕೊಂಡು, ಮಳೆಯಲ್ಲಿ, ಅವನ ಮೇಲೆಯೇ ಕೂತು ಅವಳೂ ಅಳಲು ಶುರುಮಾಡಿದಳು. ಮಗ ಸತ್ತ ತಾಯಂದಿರು ತಾಯಂದಿರಿಂದ ಕಲಿತ ಆ ಹಳೆಯ ರಾಗ, ಏರಿ ಏರಿ ಒಡೆಯುವುದು. ಬರ್ನೀಸ್ ಅತ್ತೆ ಬಂದು ಪಕ್ಕದಲ್ಲಿ ಕೂತು ಸೆರಗಿನ ಹಾಗೆ ಅದೇ ಶಾಲನ್ನು ತನ್ನ ತಲೆಗೂ ಎಳೆದುಕೊಂಡಳು. ಲಿಯೋನಾ ಬಂದಳು. ಮೇಲೆ ಮೂವರು, ಕೆಳಗೆ ಒಬ್ಬ, ನಡುವೆ ಹಲಗೆ. ಅವನು ಎಷ್ಟು ಹೊತ್ತು ಅತ್ತನೋ ಯಾರೂ ಲೆಕ್ಕ ಇಡಲಿಲ್ಲ. ತೆವಳಿಕೊಂಡು ಹೊರಬಂದಾಗ ಮೈಯೆಲ್ಲ ಕೆಸರು, ಮುಖವೂ ಕೆಸರು, ಕೆಸರಿನ ನಡುವೆ ಎರಡು ಬಿಳಿ ಗೆರೆ. ಡೈಲಾಗು ಹೊಡೆಯಲಿಲ್ಲ. ನೆಟ್ಟಗೆ ಅಂಗಳದ ಕೊನೆಗೆ ನಡೆದು, ಕೋಲನ್ನು ಎರಡೂ ಕೈಯಲ್ಲಿ ಹಿಡಿದು ಎಳೆದ. ನೆನೆದ ಮಣ್ಣು ಸುಲಭಕ್ಕೆ ಬಿಡಲಿಲ್ಲ. ಬಿಟ್ಟಾಗ ಅವನೂ ಕೋಲೂ ಒಟ್ಟಿಗೇ ಹಿಂದಕ್ಕೆ ಬಿದ್ದರು.

ಆ ಸಂಜೆ ಅಜ್ಜಿ ತಲೆ ಬಾಚಿಕೊಂಡಳು. ಅಂದರೆ, ಕ್ಲೇಟನ್ ಬಾಚಿದ. ಒಂದು ವರ್ಷದ ಸಿಕ್ಕು. ಲಿಯೋನಾ, “ಟೈರ್ ಬಿಚ್ಚಿದ ಹಾಗೆ ಎಳೀಬೇಡ್ವೋ!” ಎಂದು ಗದರಿದಳು. ಅಜ್ಜಿಗೆ ನೋವಾದಾಗಲೆಲ್ಲ ನಗು ಬರುತ್ತಿತ್ತು.

ಇದು ಊರಿನವರು ಹೇಳುವ ಕತೆ. ಕ್ಲೇಟನ್ ಎರಡು ಸಲ ನರಿಯ ಹಾಗೆ ಕೂಗಿ ಮನೆ ನಡುಗಿಸಿದ, ಆಮೇಲೆ ತಾನೇ ಹೆದರಿ ಅತ್ತುಬಿಟ್ಟ ಎಂದು ಲಿಯೋನಾ ಇವತ್ತಿಗೂ ಮದುವೆ ಮನೆಗಳಲ್ಲಿ ಅಭಿನಯಿಸಿ ತೋರಿಸುತ್ತಾಳೆ. ಕ್ಲೇಟನ್ ಒಮ್ಮೆಯೂ ಅಲ್ಲಗಳೆದಿಲ್ಲ. ಕಾಲರ್ ಏರಿಸಿ ನಮಸ್ಕಾರ ಮಾಡುತ್ತಾನೆ.

ಸರಿ, ಇಷ್ಟು ಹೊತ್ತು ಅವನನ್ನು ಇಷ್ಟೊಂದು ಹೊಗಳುತ್ತಿರುವವನು ಯಾರು ಎಂದು ನಿಮಗೆ ಗೊತ್ತಾಗಿಯೇ ಇರಬೇಕು. ನಾನೇ. ಕ್ಲೇಟನ್ ಟಬ್ಬಿ. ಮೊದಲನೇ ಕೂಗು ನನ್ನದಲ್ಲ, ಅದನ್ನು ಆಗಲೇ ಹೇಳಿದೆ. ಆದರೆ ಎರಡನೆಯದರ ವಿಷಯದಲ್ಲಿ ನಿಮಗೆ ಮೋಸ ಮಾಡಿದೆ. ‘ಬಂತು’ ಎಂದೆ, ಗಮನಿಸಿದಿರಾ? ‘ಕೂಗಿದ’ ಎನ್ನಲಿಲ್ಲ.

ಬಾಯಿ ತೆರೆದದ್ದು ನಿಜ. ಗಂಟಲಲ್ಲಿ ಕೂಗು ಇರಲಿಲ್ಲ, ಅಲ್ಲಿ ಅಳು ತುಂಬಿಕೊಂಡಿತ್ತು. ಒಂದು ಎಳೆ ಸದ್ದೂ ಹೊರಡಲಿಲ್ಲ. ಬಾಯಿ ತೆರೆದುಕೊಂಡು ಸುಮ್ಮನೆ ಬಿದ್ದಿದ್ದೆ, ಮುಗಿಯಿತು, ಅಜ್ಜಿ ಹೋದಳು ಎಂದುಕೊಂಡಿದ್ದೆ. ಆಗ ಬಂತು. ಹಳ್ಳದಾಚೆಯಿಂದ, ಬಂಡಿಗಳು ಹೋದ ಮೇಲೆ ಇವತ್ತಿನ ತನಕ ಯಾರೂ ಮನೆ ಕಟ್ಟದ ಆ ದಡದಿಂದ, ಬಹಳ ದೂರ ಓಡಿ ಬಂದವನು ಏದುಸಿರಿನಲ್ಲಿ ಕೂಗಿದ ಹಾಗೆ.

ಯಾರಿಗೂ ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ತಲೆ ಬಾಚುವಾಗ ಲಿಯೋನಾ ಅತ್ತ ಹೋದ ಮೇಲೆ ಅಜ್ಜಿ, ನನ್ನ ಕಡೆ ತಿರುಗದೇ ಹೇಳಿದ್ದಳು:

“ನೀನಿದ್ದಿದ್ದು ನನ್ನ ಕಾಲಡಿ, ಮಗಾ. ನನ್ನ ಕಾಲಡಿಯಿಂದ ಬಂದಿದ್ದು ಬರೀ ಅಳು. ಆ ದಡದಿಂದ ಉತ್ತರ ಕೊಟ್ಟೋರು ಯಾರು ಅಂತ ನಾನು ಕೇಳಲ್ಲ... ನೀನೂ ಹೇಳ್ಬೇಡ. ಸುಮ್ನೆ ದಿನಾ ಹೊತ್ತು ಮುಳುಗಿದಾಗ ಕಿವಿ ಕೊಡು. ಪಾಪ, ಎಷ್ಟು ದೂರದಿಂದ ವಾಪಸ್ ನಡ್ಕೊಂಡು ಬಂದಿದೆಯೋ.”

ಕಿವಿ ಕೊಡುತ್ತೇನೆ. ಅಪ್ಪನ ಕೋಲಿನ ಗುಳಿ ಮುಚ್ಚಿ ಹುಲ್ಲು ಬಂದಿದೆ, ಆ ಜಾಗದಿಂದ ಯಾವ ಕೂಗೂ ಇಲ್ಲ. ಆದರೆ ಸ್ವಲ್ಪ ಕೆಳಗೆ, ಓನಾಹೋಕ ಇಳಿದು ಕಿವಿ ಕೊಡುತ್ತಿದ್ದ ನೀರಿನ ಹತ್ತಿರದಿಂದ ಈಗಲೂ ಕೂಗು ಬರುತ್ತದೆ. ಈಚೆ ದಡದಿಂದ ಒಂದು, ಆಚೆ ದಡದಿಂದ ಒಂದು. ಎರಡು ಕೂಗಿದರೆ ನರಿ, ಅಜ್ಜಿಯ ಲೆಕ್ಕದಲ್ಲೇ. ನೀವೂ ನರಿ ಎಂದೇ ಹೇಳಿ, ನಾನೂ ಹಾಗೆಯೇ ಹೇಳುತ್ತೇನೆ. ಮೊದಮೊದಲು ಎರಡರ ನಡುವೆ ಬಹಳ ದೂರ ಇತ್ತು. ಈಚೆಗೆ ಪ್ರತಿ ಮಳೆಗಾಲಕ್ಕೂ ಹತ್ತಿರ ಹತ್ತಿರ ಕೇಳಿಸುತ್ತಿವೆ.

ಹಳ್ಳ ಅಷ್ಟೇನೂ ಅಗಲವಿಲ್ಲ.